ಪ್ರಾರ್ಥನೆಯ ನಡುವೆ ನಿಂತವಳು

“ಅಯ್ಯನವರೇ, ಬಾಯಿಪಾಠದ ಪ್ರಾರ್ಥನೆ ದೇವರಿಗೆ ಮುಟ್ಟುತ್ತದೆಯೇ?”

ಕೇಳಿದವನು ಜಯವಂತ. ಸತ್ಯಮಿತ್ರ ಅಯ್ಯನವರ ಬಳಿ ಉಪದೇಶಿಯಾಗುವ ಪಾಠ ಕಲಿಯಲು ಬಂದು ಅವನಿಗೆ ಎರಡು ವರ್ಷವಾಗಿತ್ತು. ಕರ್ತನು ತನ್ನ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯನ್ನು ತಾನು ದಿನಕ್ಕೆ ಮೂರು ಸಲ ಹೇಳುತ್ತೇನೆ, ಶುರುಮಾಡಿದ್ದು ಗೊತ್ತಾಗುವಷ್ಟರಲ್ಲಿ ಆಮೆನ್ ಬಂದಿರುತ್ತದೆ, ಅದನ್ನು ಬಿಟ್ಟು ಸ್ವಂತ ಮಾತಿನಲ್ಲೇ ಪ್ರಾರ್ಥಿಸುವುದು ಮೇಲಲ್ಲವೇ ಎಂದು ವಿವರಿಸಿದ. ಅಯ್ಯನವರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಕುಳಿತುಕೋ ಎಂದು ಒಂದು ಕತೆ ಹೇಳಿದರು.

ನದಿ ಸಮುದ್ರವನ್ನು ಸೇರುವ ಕಡೆ ಒಂದು ಊರು. ಅಲ್ಲಿ ತೆಂಗಿನ ನಾರಿನಿಂದ ಹಗ್ಗ ಹೊಸೆಯುವ ಒಬ್ಬ ಹೆಂಗಸಿದ್ದಳು. ಹಗ್ಗ ಹೊಸೆಯುವುದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಒಬ್ಬಳು ರಾಟೆ ತಿರುಗಿಸಬೇಕು, ಇನ್ನೊಬ್ಬಳು ನಾರು ಕೊಡುತ್ತ ಹಿಂದೆ ಹಿಂದೆ ನಡೆಯಬೇಕು. ಇವಳ ಜೋಡಿ ಇವಳ ಓರಗಿತ್ತಿಯೇ, ಗಂಡನ ಅಣ್ಣನ ಹೆಂಡತಿ. ಬೇಲಿಯ ಆಚೆ ಒಂದು ಮನೆ, ಈಚೆ ಒಂದು ಮನೆ. ಇಪ್ಪತ್ತು ವರ್ಷ ಇಬ್ಬರೂ ಎದುರುಬದುರು ನಿಂತು ದುಡಿದರು.

ಒಂದು ಬೇಸಿಗೆಯಲ್ಲಿ ಊರಿಗೆ ಕೆಟ್ಟ ಜ್ವರ ಬಂತು. ಹೆಂಗಸಿನ ಗಂಡ ಮಲಗಿದ. ವೈದ್ಯರಿದ್ದದ್ದು ನದಿಯ ಆಚೆ ದಡದಲ್ಲಿ. ದಡದಲ್ಲಿ ಉಳಿದಿದ್ದ ದೋಣಿ ಭಾವನ ಮನೆಯವರದೊಂದೇ. ಭಾವ ಬೇರೆಯವರ ದೋಣಿಯಲ್ಲಿ ಮೀನಿಗೆ ಹೋಗಿದ್ದ, ದೋಣಿಯ ಹುಟ್ಟು ಮನೆಯೊಳಗಿತ್ತು. ಹೆಂಗಸು ನಡುಮಧ್ಯಾಹ್ನ ಓಡಿಹೋಗಿ ಓರಗಿತ್ತಿಯ ಬಾಗಿಲು ಬಡಿದಳು. ಒಳಗೆ ಬಳೆಯ ಸದ್ದು ಕೇಳಿಸಿತು. ಬಾಗಿಲು ತೆರೆಯಲಿಲ್ಲ. ಜ್ವರದ ಮನೆಯವಳನ್ನು ಒಳಗೆ ಬಿಟ್ಟರೆ ತನ್ನ ಮಕ್ಕಳ ಗತಿಯೇನೆಂದು ಓರಗಿತ್ತಿ ಉಸಿರು ಬಿಗಿಹಿಡಿದು ನಿಂತಿದ್ದಳು. ಸಂಜೆಯೊಳಗೆ ಗಂಡ ತೀರಿಕೊಂಡ.

ಅಂದಿನಿಂದ ಎರಡು ಮನೆಗಳ ನಡುವೆ ಮಾತಿಲ್ಲ. ಹೆಂಗಸು ಹಗ್ಗ ಬಿಟ್ಟು, ತೊಡೆಯ ಮೇಲೆ ಒಬ್ಬಳೇ ಹೊಸೆಯಬಹುದಾದ ತೆಳು ಹುರಿಗೆ ಇಳಿದಳು.

ಕೆಲವು ವರ್ಷಗಳ ಮೇಲೆ ಅವಳು ಊರಿನ ಕ್ರೈಸ್ತ ಸಭೆಗೆ ಬರತೊಡಗಿದಳು. ಹಿಂದಿನ ಸಾಲಿನಲ್ಲಿ ಕೂತು ಸುವಾರ್ತೆ ಕೇಳಿದಳು, ಮನಸಾರೆ ನಂಬಿದಳು. ದೀಕ್ಷಾಸ್ನಾನ ಪಡೆಯಬೇಕು, ಸಭೆಯವರೊಂದಿಗೆ ಕರ್ತನ ಮೇಜಿನ ರೊಟ್ಟಿ ತಿನ್ನಬೇಕು ಎಂಬುದೊಂದೇ ಅವಳ ಆಸೆ. ಅಷ್ಟು ದೊಡ್ಡ ಆಸೆಯನ್ನು ಅವಳು ಬದುಕಿನಲ್ಲಿ ಬೇರೆ ಯಾವುದಕ್ಕೂ ಇಟ್ಟುಕೊಂಡಿರಲಿಲ್ಲ.

ಆದರೆ ಆ ಸಭೆಗೊಂದು ಪದ್ಧತಿ ಇತ್ತು. ಈಸ್ಟರ್ ಹಬ್ಬದ ಹಿಂದಿನ ವಾರ, ದೀಕ್ಷಾಸ್ನಾನ ಬೇಡುವವರು ಮೂವರು ಹಿರಿಯರ ಮುಂದೆ ಕೂತು ಹತ್ತು ಆಜ್ಞೆ, ನಂಬಿಕೆಯ ಸಾರ ಹೇಳುವ ವಿಶ್ವಾಸಪ್ರಮಾಣ, ಕರ್ತನ ಪ್ರಾರ್ಥನೆ ಇವಿಷ್ಟನ್ನೂ ತಪ್ಪಿಲ್ಲದೆ ಒಪ್ಪಿಸಬೇಕು. ಒಂದು ಮಾತು ಬಿಟ್ಟುಹೋದರೂ ಹಿರಿಯರು ಬರುವ ವರ್ಷ ನೋಡೋಣ ಎನ್ನುತ್ತಿದ್ದರು. ಪರಲೋಕದ ಬಾಗಿಲಿನ ಬೀಗದ ಕೈ ತಮ್ಮ ಸೊಂಟದಲ್ಲೇ ಇದೆ ಎಂಬಂತೆ ಕೂರುತ್ತಿದ್ದರು. ಮನಸ್ಸು ಮಾತ್ರ ಕೆಟ್ಟದ್ದಲ್ಲ.

ಮೊದಲ ವರ್ಷ ಹೆಂಗಸು ಬಂದಳು. ಅವಳಿಗೆ ಓದು ಬರದು, ಎಲ್ಲವನ್ನೂ ಕಿವಿಯಿಂದ ಕಲಿತಿದ್ದಳು. ಆಜ್ಞೆಗಳು ಸರಾಗವಾಗಿ ಬಂದವು. ವಿಶ್ವಾಸಪ್ರಮಾಣವೂ ಬಂತು. ಪ್ರಾರ್ಥನೆಯಲ್ಲಿ ಅನುದಿನದ ಆಹಾರ ಬೇಡುವ ಸಾಲಿನವರೆಗೆ ಹೋಗಿ ನಿಂತುಬಿಟ್ಟಳು. ಹಿರಿಯರು ಆಮೇಲೆ, ಆಮೇಲೆ ಎಂದು ಎರಡು ಸಲ ಕೇಳಿದರು. ಅವಳು ನೆಲ ನೋಡಿದಳು. ವಯಸ್ಸಾಯಿತು, ನೆನಪು ಸಾಲದು ಎಂದು ಅವರು ಮರುಕಪಟ್ಟು ಕಳುಹಿಸಿದರು.

ಎರಡನೆಯ ವರ್ಷವೂ ಅದೇ ಜಾಗದಲ್ಲಿ ನಿಂತಳು. ಊಟ ಸಿಕ್ಕಿದ ಮೇಲೆ ಈಕೆಗೆ ದೇವರ ಹತ್ತಿರ ಬೇರೆ ಕೆಲಸವೇ ಇಲ್ಲ ಎಂದು ಒಬ್ಬ ಹಿರಿಯ ತಮಾಷೆ ಮಾಡಿದ. ಇನ್ನೊಬ್ಬ ನಕ್ಕ. ಮುಖ್ಯ ಹಿರಿಯನಿಗೆ ಮಾತ್ರ ಪಾಪ ಎನ್ನಿಸಿತು. ತಾನು ಒಂದೊಂದೇ ಮಾತು ಹೇಳಿಕೊಡುತ್ತೇನೆ, ಅವಳು ಜೊತೆಗೆ ತುಟಿ ಅಲ್ಲಾಡಿಸಿದರೆ ಸಾಕು, ಪರೀಕ್ಷೆ ಮುಗಿಯಿತು ಎಂದ. ಈ ಹಬ್ಬಕ್ಕೇ ದೀಕ್ಷಾಸ್ನಾನ ಆಗಿಬಿಡುತ್ತಿತ್ತು. ಆದರೂ ಹೆಂಗಸು ಬೇಡವೆಂದು ತಲೆಯಾಡಿಸಿದಳು.

“ಮರೆತಿಲ್ಲ ಅಯ್ಯಾ, ಮಾತು ಬಾಯಲ್ಲೇ ಉಂಟು. ನಾನು ಕ್ಷಮಿಸಿದ ಹಾಗೆಯೇ ನನ್ನನ್ನೂ ಕ್ಷಮಿಸು ಅಂತ ಕೇಳಬೇಕಲ್ಲ ಅಲ್ಲಿ? ನಾನು ನನ್ನ ಓರಗಿತ್ತಿಯನ್ನು ಕ್ಷಮಿಸ್ಲಿಲ್ಲ. ನಾನು ಕೇಳಿ, ದೇವರು ಹಾಗೇ ಆಗಲಿ ಅಂದುಬಿಟ್ಟರೆ ನನ್ನ ಗತಿ ಏನು?”

ನಲವತ್ತು ವರ್ಷದಿಂದ ಆ ಪ್ರಾರ್ಥನೆ ಹೇಳಿಕೊಂಡು ಬಂದವರು ಆ ಹಿರಿಯರು. ಅದರಲ್ಲಿ ಹೆದರಬೇಕಾದ ಒಂದು ಮಾತಿದೆ ಎಂದು ಅವರಲ್ಲಿ ಒಬ್ಬನಿಗೂ ಹೊಳೆದಿರಲಿಲ್ಲ. ಅವಳನ್ನು ದಾಟಿಸುವ ಹಾಗೂ ಇಲ್ಲ, ಬಯ್ಯುವ ಹಾಗೂ ಇಲ್ಲ. ಹೋಗಿ ಬಾರಮ್ಮಾ ಎಂದರು.

ಸುದ್ದಿ ಹೇಗೋ ಹೊರಗೆ ಬಂತು. ಆ ಭಾನುವಾರ ಸಭೆಯೆಲ್ಲ ಎದ್ದು ನಿಂತು ಪ್ರಾರ್ಥನೆ ಹೇಳಿತು. ಆಹಾರದ ಸಾಲಿನವರೆಗೆ ಸೂರು ಹಾರುವಂತಿದ್ದ ದನಿ ಮುಂದಿನ ಸಾಲಿಗೆ ಬಂದಾಗ ಅರ್ಧಕ್ಕಿಳಿಯಿತು. ನಾಲ್ಕಾರು ಜನಕ್ಕೆ ಆಗಲೇ ಕೆಮ್ಮು ಬಂತು. ಶೋಧನೆಗೆ ಒಳಪಡಿಸಬೇಡ ಎಂಬ ಸಾಲು ಬಂದ ಮೇಲೆ ಎಲ್ಲರಿಗೂ ದನಿ ಮರಳಿತು.

ಮೂರನೆಯ ವರ್ಷ ಹೆಂಗಸು ಪರೀಕ್ಷೆಗೆ ಬರಲಿಲ್ಲ. ನಿಜ ಹೇಳಬೇಕೆಂದರೆ ಹಿರಿಯರಿಗೆ ಅದು ನೆಮ್ಮದಿಯೇ ಆಯಿತು. ಅವಳಿಗೆ ನೆಮ್ಮದಿ ಇರಲಿಲ್ಲ. ದಿನವೂ ಬೆಳಗ್ಗೆ ಬೇಲಿಯವರೆಗೆ ಹೋಗುವಳು, ಅಲ್ಲಿಂದ ಹಿಂತಿರುಗುವಳು. ಬಳೆಯ ಆ ಸದ್ದು ನೆನಪಾದರೆ ಮೈ ಉರಿಯುತ್ತಿತ್ತು. ಸಿಟ್ಟು ಬಿಟ್ಟುಕೊಟ್ಟರೆ ಸತ್ತ ಗಂಡನಿಗೆ ದ್ರೋಹ ಮಾಡಿದಂತೆ ಎಂದೂ ಅನ್ನಿಸುತ್ತಿತ್ತು. ಅವನ ಪರವಾಗಿ ಜಗತ್ತಿನಲ್ಲಿ ಉಳಿದದ್ದು ಆ ಸಿಟ್ಟೊಂದೇ ಅಲ್ಲವೇ? ಆದರೂ ಪ್ರಾರ್ಥನೆ ಬಿಡಲಿಲ್ಲ. ಆ ಸಾಲಿನವರೆಗೆ ಹೇಳಿ ನಿಂತು, ಇದು ನನ್ನ ಕೈಯಲ್ಲಿ ಆಗುವುದಿಲ್ಲ, ನೀನೇ ಮಾಡಿಸು ಎಂದು ಬೇಡಿಕೊಳ್ಳುವಳು. ಒಂದು ವರ್ಷವಿಡೀ ಹೀಗೆಯೇ ಬೇಡಿದಳು.

ನಾಲ್ಕನೆಯ ವರ್ಷ ಪರೀಕ್ಷೆಯ ದಿನ ಬಂತು. ಹೆಂಗಸು ಮಿಂದು, ಬಿಳಿ ಸೀರೆ ಉಟ್ಟು, ಬೇಲಿ ಬಳಸಿಕೊಂಡು ಹೋಗಿ ಓರಗಿತ್ತಿಯ ಬಾಗಿಲು ಬಡಿದಳು. ಒಳಗೆ ಬಳೆಯ ಸದ್ದಾಯಿತು. ಬಾಗಿಲು ತೆರೆಯಲಿಲ್ಲ.

ಅವಳ ರಕ್ತ ಕುದಿಯಿತು. ಸರಸರನೆ ಮೆಟ್ಟಿಲಿಳಿದು ಅಂಗಳದ ಅಂಚಿನವರೆಗೂ ಹೋದಳು. ಅಲ್ಲಿ ನಿಂತು, ನೀನೇ ಮಾಡಿಸು ಎಂದು ಇನ್ನೊಮ್ಮೆ ಬೇಡಿಕೊಂಡಳು. ಮತ್ತೆ ಬಂದು ಮುಚ್ಚಿದ ಬಾಗಿಲಿಗೇ ಹೇಳಿದಳು.

“ಅಕ್ಕಾ, ನೀನು ತೆರೆಯದಿದ್ದರೂ ಅಡ್ಡಿಯಿಲ್ಲ. ಅವತ್ತು ನೀನು ಮಾಡಿದ್ದು ತಪ್ಪೇ, ಸಣ್ಣ ತಪ್ಪಲ್ಲ. ಆದರೆ ಇನ್ನು ಮುಂದೆ ಅದನ್ನು ನಾನು ಇಟ್ಟುಕೊಳ್ಳುವುದಿಲ್ಲ. ಬಿಟ್ಟುಬಿಟ್ಟೆ.”

ಉತ್ತರಕ್ಕೆ ಅವಳು ಕಾಯಲಿಲ್ಲ. ಅರವತ್ತು ದಾಟಿದ ಹೆಂಗಸು ಊರ ಬೀದಿಯಲ್ಲಿ ಸೆರಗು ಸಿಕ್ಕಿಸಿಕೊಂಡು ಓಡಿದಳು. ಎದೆಯ ಮೇಲಿನ ಕಲ್ಲು ಎಲ್ಲಿ ಬಿತ್ತೋ ಅವಳಿಗೇ ತಿಳಿಯಲಿಲ್ಲ.

ಹಿರಿಯರು ಪದ್ಧತಿಯಂತೆ ಆಜ್ಞೆಗಳಿಂದ ಶುರುಮಾಡು ಎಂದರು. ಅವಳು ಏದುಸಿರು ಬಿಡುತ್ತ, ಇವತ್ತು ಪ್ರಾರ್ಥನೆ ಮೊದಲು ಎಂದು ಎದ್ದು ನಿಂತಳು. ಆಹಾರದ ಸಾಲು ಬಂತು. ನಿಂತಳು. ಮುಖ್ಯ ಹಿರಿಯ ಕುರ್ಚಿಯ ಕೈ ಹಿಡಿದುಕೊಂಡ. ಅವಳು ಎದೆ ತುಂಬ ಉಸಿರೆಳೆದುಕೊಂಡು ಆ ಸಾಲನ್ನು ಹೇಳಿದಳು. ಎಷ್ಟು ಗಟ್ಟಿಯಾಗಿ ಹೇಳಿದಳೆಂದರೆ ಜಗಲಿಯಲ್ಲಿ ಸರದಿಗೆ ಕಾಯುತ್ತಿದ್ದವರೆಲ್ಲ ಎದ್ದು ನಿಂತರು. ಅಲ್ಲಿಂದ ಮುಂದೆ ಕಟ್ಟೆಯೊಡೆದ ನೀರಿಗೆ ತಡೆಯುಂಟೇ? ರಾಜ್ಯವೂ ಬಲವೂ ಮಹಿಮೆಯೂ ಆತನದೇ ಎಂದು ಅವಳು ಸಾರಿದಾಗ, ಆ ಕೋಣೆಯಲ್ಲಿ ಅದನ್ನು ನಂಬದೆ ಇರಲು ಯಾರಿಗೂ ಸಾಧ್ಯವಿರಲಿಲ್ಲ. ಆಮೆನ್ ಅವಳೊಬ್ಬಳದಾಗಲಿಲ್ಲ, ಮೂವರು ಹಿರಿಯರೂ ಎದ್ದು ನಿಂತು ಹೇಳಿದರು. ಮುಖ್ಯ ಹಿರಿಯ ಕಣ್ಣೊರೆಸಿಕೊಂಡ. ಆಜ್ಞೆಗಳನ್ನಾಗಲಿ ವಿಶ್ವಾಸಪ್ರಮಾಣವನ್ನಾಗಲಿ ಕೇಳುವುದು ಆ ಹೊತ್ತು ಯಾರಿಗೂ ನೆನಪಾಗಲಿಲ್ಲ. ಅಷ್ಟು ಬಿಗಿಯ ಪದ್ಧತಿ ಹೀಗೆ ಒಂದು ದಿನ ತಪ್ಪಿತು.

ಈಸ್ಟರ್ ಬೆಳಗ್ಗೆ ನದಿಯಲ್ಲಿ ಅವಳಿಗೆ ದೀಕ್ಷಾಸ್ನಾನವಾಯಿತು. ನೀರಿನಿಂದ ಎದ್ದು ಬಂದಾಗ ದಡದಲ್ಲಿ ಓರಗಿತ್ತಿ ಒಣ ಸೀರೆ ಹಿಡಿದು ನಿಂತಿದ್ದಳು. ಅವಳನ್ನು ಯಾರೂ ಕರೆದಿರಲಿಲ್ಲ. ಮುಖ ಅತ್ತು ಅತ್ತು ಊದಿತ್ತು. ಹೆಂಗಸು ಸೀರೆಯನ್ನು ಆಮೇಲೆ ತೆಗೆದುಕೊಂಡಳು, ಮೊದಲು ಅವಳನ್ನು ಅಪ್ಪಿಕೊಂಡಳು. ನೀರು ತೊಟ್ಟಿಕ್ಕಿ ಇಬ್ಬರೂ ಒದ್ದೆಯಾದರು. ಸಭೆಯವರು ದಡದಲ್ಲೇ ಪ್ರಾರ್ಥನೆ ಎತ್ತಿಕೊಂಡರು. ಆ ದಿನ ಯಾವ ಸಾಲಿನಲ್ಲೂ ದನಿ ಇಳಿಯಲಿಲ್ಲ. ಆಚೆ ದಡದಲ್ಲಿ ಬಲೆ ಒಣಹಾಕುತ್ತಿದ್ದವರು ಏನಾಯಿತೆಂದು ತಿರುಗಿ ನೋಡಿದರು.

ಕತೆ ಮುಗಿಯಿತು. ಜಯವಂತನ ಮುಖ ಅರಳಿತ್ತು. ಹಾಗಾದರೆ ಬಾಯಿಪಾಠದ ಪ್ರಾರ್ಥನೆಯೂ ದೇವರಿಗೆ ಮುಟ್ಟುತ್ತದೆ ಎಂದಾಯಿತು, ಇನ್ನು ತನಗೆ ಸಂಶಯವಿಲ್ಲ ಎಂದು ಅವನು ಏಳಲು ಹೊರಟ. ಅಯ್ಯನವರು ಅವನ ಭುಜದ ಮೇಲೆ ಕೈಯಿಟ್ಟರು.

“ಅವಳಿಗೆ ನಾಲ್ಕು ವರ್ಷ ಹಿಡಿದ ಸಾಲನ್ನು ನೀನು ದಿನಕ್ಕೆ ಮೂರು ಸಲ ದಾಟುತ್ತೀಯಲ್ಲ ಮಗೂ, ಒಂದು ಸಲವೂ ತಡವರಿಸಲಿಲ್ಲವೇ?”