ನುಗ್ಗೆ ಕೋಲಿನ ತುದಿ

ಶಂಖಪುಷ್ಪದ ಬಳ್ಳಿಗೆ ಆಸರೆಯಾಗಲೆಂದು ತುಂಗಮ್ಮ ತನ್ನ ಕೈತೋಟದಲ್ಲಿ ಕಡಿದ ನುಗ್ಗೆಕೊಂಬೆಯೊಂದನ್ನು ನೆಟ್ಟಳು. ಬಳ್ಳಿ ಅದನ್ನು ಸುತ್ತಿಕೊಂಡು ಸರಸರನೆ ಮೇಲೇರಿತು.

"ಅಲುಗಾಡಬೇಡ! ಸತ್ತ ಕೋಲು ನೀನು, ಸುಮ್ಮನೆ ನಿಲ್ಲುವುದಷ್ಟೇ ನಿನ್ನ ಕೆಲಸ," ಎಂದಿತು ಬಳ್ಳಿ.

"ಮೈಯೊಳಗೆಲ್ಲ ಏನೋ ಕಚಗುಳಿ," ಎಂದಿತು ಕೋಲು.

"ಅದು ನನ್ನ ಓಟದ ರಭಸ!"

ಕೊನೆಗೆ ಬಳ್ಳಿ ಕೋಲಿನ ತುದಿ ಮುಟ್ಟಿತು. ಅಲ್ಲೇ ಒಂದು ನೀಲಿ ಹೂವನ್ನೂ ಅರಳಿಸಿ ಕೂಗಿತು: "ಗೆದ್ದೆ! ನನಗಿಂತ ಮೇಲೆ ಇನ್ನು ಯಾರೂ ಇಲ್ಲ!"

ಮೇಲೆ ಯಾರೂ ಇಲ್ಲ. ಹಾಗಾಗಿ ಹಿಡಿದುಕೊಳ್ಳಲೂ ಏನೂ ಇರಲಿಲ್ಲ. ಬಳ್ಳಿಯ ಎಳೆಯ ಕುಡಿ ಗಾಳಿಯಲ್ಲಿ ತಡಕಾಡಿತು, ಬಾಗಿತು, ನೆಲದತ್ತ ಜೋತುಬಿತ್ತು. "ಮುರಿದುಹೋಗುತ್ತೇನೆ, ಯಾರಾದರೂ ಹಿಡಿದುಕೊಳ್ಳಿ!" ಎಂದು ಅದು ದಿನವೂ ಚೀರತೊಡಗಿತು.

ಒಂದು ಬೆಳಿಗ್ಗೆ ಗಾಳಿಗೆ ತೂಗಾಡುತ್ತಿದ್ದ ಕುಡಿಗೆ ಮೆತ್ತಗೆ ಏನೋ ತಗುಲಿತು. ಕೋಲಿನ ನೆತ್ತಿಯಿಂದ ಹಸಿರು ಚಿಗುರೊಂದು ನೆಟ್ಟಗೆ ಎದ್ದು ನಿಂತಿತ್ತು.

"ಏನು! ನನಗಿಂತ ಮೇಲೆ ಹೋಗಿಬಿಟ್ಟೆಯಾ?"

"ಹೌದು, ಬೇರು ಬಿಟ್ಟಿದ್ದೇನೆ," ಎಂದಿತು ಕೋಲು. "ನಿನಗೆ ಬೇಸರವೇ?"

ಬಳ್ಳಿ ಆಗಲೇ ಚಿಗುರಿಗೆ ಒಂದು ಸುತ್ತು ಹಾಕಿಯಾಗಿತ್ತು.

"ಬೇಸರವೇ? ಇನ್ನೂ ಬೆಳೆ ಮಾರಾಯ, ಬೇಗ ಬೆಳೆ!"