ಮೊದಲ ರೊಟ್ಟಿ ಯಾರಿಗೆ?

ಗುರವ್ವನ ಸಣ್ಣ ಖಾನಾವಳಿಯಲ್ಲಿ ರೊಟ್ಟಿ ಸುಡುವ ಹಂಚಿಗೆ ಇದ್ದದ್ದು ಒಂದೇ ಹೆಮ್ಮೆ. ತನ್ನ ಮೇಲೆ ಉಬ್ಬಿದ ಮೊದಲ ಬಿಸಿರೊಟ್ಟಿ ದಿನವೂ ಹಮಾಲ ಈರಪ್ಪನ ತಟ್ಟೆಗೆ ಹೋಗುತ್ತಿತ್ತು. ಒಂದು ದಿನ ಗುರವ್ವನ ಹೊಸ ಮೊಬೈಲು, "ಇನ್ನು ಮೊದಲ ರೊಟ್ಟಿ ನನ್ನದು. ಅದರ ಚಿತ್ರ ಜಾಲತಾಣಕ್ಕೆ ಹಾಕಿದರೆ ಊರೂರಿನ ಜನ ಹುಡುಕಿಕೊಂಡು ಬರುತ್ತಾರೆ" ಎಂದಿತು.

ಗುರವ್ವ ಒಪ್ಪಿದಳು. ರೊಟ್ಟಿಯನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಬೆಣ್ಣೆ ಇಟ್ಟು ಚಿತ್ರ ತೆಗೆಯುವಷ್ಟರಲ್ಲಿ ಅದು ಆರಿ ಸೆಟೆದುಕೊಳ್ಳುತ್ತಿತ್ತು. ಅದನ್ನೇ ಈರಪ್ಪನಿಗೆ ಬಡಿಸುತ್ತಿದ್ದಳು. ಅವನು ಮೂರು ದಿನ ಸಾರಿನಲ್ಲಿ ನೆನೆಸಿಕೊಂಡು ತಿಂದ. ನಾಲ್ಕನೆಯ ದಿನ ಬರಲಿಲ್ಲ. ಅವನ ಹಿಂದೆಯೇ ಉಳಿದ ಹಮಾಲರೂ ಬರುವುದನ್ನು ಬಿಟ್ಟರು.

"ಮೂರು ಸಾವಿರ ಲೈಕು ಬಂದಿವೆ!" ಎಂದಿತು ಮೊಬೈಲು.

"ಕೊಟ್ಟವರಲ್ಲಿ ಹಸಿದವರು ಎಷ್ಟು ಮಂದಿ?" ಎಂದು ಹಂಚು ಕೇಳಿತು.

ಮೊಬೈಲು ಅಂದಿನ ಚಿತ್ರವನ್ನೇ ನೋಡುತ್ತ, "ರೊಟ್ಟಿಯ ಹಿಂದೆ ಖಾಲಿ ಬೆಂಚು ಕಾಣುತ್ತಿದೆ. ಅಂದ ಕೆಡುತ್ತದೆ, ಕತ್ತರಿಸಿಬಿಡುತ್ತೇನೆ" ಎಂದಿತು.

"ಕತ್ತರಿಸುವುದೇಕೆ?" ಎಂದಿತು ತಣ್ಣಗಾಗುತ್ತಿದ್ದ ಹಂಚು. "ಕೂರಲು ಜಾಗ ಬೇಕಾದಷ್ಟಿದೆ ಎಂದು ಕೆಳಗೆ ಬರೆದುಬಿಡು."