ತಣ್ಣೀರು ಸಿಗಡಿಯ ಮನೆ

ಕೇಳಿ, ಘಟ್ಟದ ಬುಡದ ಒಂದು ಹೊಳೆಯೂರಲ್ಲಿ ಬೊಮ್ಮಯ್ಯ ಅಂತ ಒಬ್ಬನಿದ್ದ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಅವನ ಅವ್ವಿ ಜಟ್ಟಮ್ಮ ಮೀನು ಮಾರುತ್ತಿದ್ದಳು. ತಾನು ಕಣ್ಣು ಮುಚ್ಚಿದ ಮೇಲೆ ಇವನಿಗೆ ಅನ್ನ ಹಾಕುವವರು ಯಾರು ಎಂಬ ಒಂದೇ ಚಿಂತೆ ಅವಳನ್ನು ತಿನ್ನುತ್ತಿತ್ತು.

ಒಂದು ಸಲ ಹೊಳೆ ಸಿಗಡಿಗಳ ಜಾತಿ ಗುರುತಿಸಲು ಮೇಡಂ ಒಬ್ಬರು ಆ ಊರಿಗೆ ಬಂದರು. ಅವರು ಹುಡುಕುತ್ತಿದ್ದದ್ದು ತಣ್ಣೀರಲ್ಲಿ ಮಾತ್ರ ಬದುಕುವ ಸಿಗಡಿ. ಗಾಜಿನಂಥ ಮೈ, ಬೆನ್ನ ಮೇಲೆ ಒಂದೇ ಕಪ್ಪು ಗೀರು. ಅದು ಇರುವ ಜಾಗ ಗೊತ್ತಾಗಬೇಕಿತ್ತು, ಜೊತೆಗೆ ಓಡಾಡಲು ಒಬ್ಬ ಕೆಲಸದವನೂ ಬೇಕಿತ್ತು. ಸುದ್ದಿ ಕಿವಿಗೆ ಬಿದ್ದದ್ದೇ ಜಟ್ಟಮ್ಮ ಮಗನನ್ನು ಎಬ್ಬಿಸಿದಳು.

“ಏಳು ಮಾರಾಯ. ದುಡಿದವರಿಗೇ ಅನ್ನ, ತಿಳ್ಕೊ. ಆ ಸಿಗಡಿ ಕಲ್ಲಡಿಗೆ ಇರ್ತದೆ. ಕಲ್ಲು ಎತ್ತಿ ನೋಡು.”

ಎತ್ತಿದ. ಮೆಟ್ಟಿಲ ಕಲ್ಲು ಎತ್ತಿದ, ಬಟ್ಟೆ ಒಗೆಯುವ ಕಲ್ಲು ಎತ್ತಿದ, ಅಡುಗೆಮನೆಯ ಒರಳುಕಲ್ಲನ್ನೂ ಕಿತ್ತು ಮಗುಚಿದ. ಸಿಕ್ಕಿದ್ದು ಎರಡು ಚೇಳು.

“ನಿನ್ನ ತಲೆಗಿಷ್ಟು. ಸಿಗಡಿ ನೆಲದಲ್ಲಿರ್ತದಾ? ತಣ್ಣೀರಲ್ಲಿ ಹುಡುಕು. ಕೈ ಹಾಕಿ ತಡಕಾಡು.”

ಹುಡುಕಿದ. ಮೇಡಂ ಇಳಿದುಕೊಂಡಿದ್ದ ಮನೆಯ ಜಗಲಿಯಲ್ಲಿ ಕುಡಿಯುವ ನೀರಿನ ಮಣ್ಣಿನ ಕೊಡ ಇತ್ತು. ಮುಟ್ಟಿ ನೋಡಿದ, ತಣ್ಣಗಿತ್ತು. ಮೊಳಕೈವರೆಗೆ ಕೈ ಇಳಿಸಿ ಚೆನ್ನಾಗಿ ಕಲಕಿದ. ನೀರು ಕುಡಿಯಲು ಲೋಟ ಹಿಡಿದು ಬಂದ ಮೇಡಂ ನೋಡುತ್ತ ನಿಂತರು.

ಪುಣ್ಯಕ್ಕೆ ಅವರು ಸಿಟ್ಟಾಗಲಿಲ್ಲ. “ಹೊಳೆಗೆ ಹೋಗಪ್ಪ. ಸಿಗಡಿ ಸಿಕ್ಕಿದರೆ, ಪಕ್ಕದಲ್ಲಿ ಏನಿದೆಯೋ ಅದಕ್ಕೆ ಈ ಕೆಂಪು ದಾರ ಕಟ್ಟಿ ಬಾ. ನಾಳೆ ಬಂದು ನೋಡುತ್ತೇನೆ” ಅಂದರು.

ಈ ಸಲ ಸಿಕ್ಕಿಯೇಬಿಟ್ಟಿತು. ಗಾಜಿನಂಥ ಮೈ, ಬೆನ್ನ ಮೇಲೆ ಒಂದೇ ಗೀರು. ಬೊಮ್ಮಯ್ಯ ಪಕ್ಕದಲ್ಲಿ ಇದ್ದದ್ದಕ್ಕೆ ಬಿಗಿಯಾಗಿ ದಾರ ಕಟ್ಟಿ ಬಂದ.

ಮಾರನೇ ದಿನ ಮೇಡಂ ಜಾಗ ತೋರಿಸು ಅಂದರು. ಬೊಮ್ಮಯ್ಯ ಸೀದಾ ತನ್ನ ಮನೆಯ ಕೊಟ್ಟಿಗೆಗೆ ಕರೆದುಕೊಂಡು ಹೋದ. ಅಲ್ಲಿ ಎಮ್ಮೆ ಮೆಲುಕು ಹಾಕುತ್ತಿತ್ತು. ಅದರ ಕೋಡಿಗೆ ಕೆಂಪು ದಾರ.

“ಎಮ್ಮೆಗೆ ಕಟ್ಟಿದ್ಯಾ?” ಜಟ್ಟಮ್ಮ ಹಣೆ ಚಚ್ಚಿಕೊಂಡಳು.

“ಸಿಗಡಿ ಇದರ ಹೊಟ್ಟೆ ಪಕ್ಕಕ್ಕೇ ಇತ್ತು, ಅವ್ವೀ.”

ಕೈಗೆ ಬಂದ ಕೆಲಸ ಹೋಯಿತಲ್ಲ ಅಂತ ಅವಳಿಗೆ ಅಳುವೇ ಬಂತು. ಮೇಡಂ ಮಾತ್ರ ನಕ್ಕು, ಎಮ್ಮೆಯ ಹಗ್ಗ ಬಿಚ್ಚಲು ಹೇಳಿದರು. ಬಿಚ್ಚಿದ್ದೇ ತಡ, ಅದು ಹೊಳೆಯ ತಿರುವಿನಲ್ಲಿ ದಟ್ಟ ನೆರಳಿದ್ದ ಗುಂಡಿಗೆ ನಡೆದು, ದಿನಾ ಮಲಗುವಲ್ಲೇ ಮಲಗಿತು. ಇಡೀ ಹೊಳೆಯಲ್ಲಿ ಅಷ್ಟು ತಣ್ಣನೆಯ ನೀರು ಬೇರೆಲ್ಲೂ ಇರಲಿಲ್ಲ. ಎಮ್ಮೆಯ ಪಕ್ಕದಲ್ಲೇ ಸಿಗಡಿಗಳು ಪುಳಪುಳ ಆಡುತ್ತಿದ್ದವು.

“ಜಾಗ ತೋರಿಸಿದವರಿಗೇ ಕೆಲಸ. ನಾಳೆ ಬೆಳಿಗ್ಗೆ ಕಳಿಸಿಕೊಡಿ, ಜಟ್ಟಮ್ಮ” ಅಂದರು ಮೇಡಂ.

ಮರುದಿನ ಜಟ್ಟಮ್ಮ ಬುತ್ತಿ ಕಟ್ಟಿಟ್ಟು, ಎಷ್ಟೋ ವರ್ಷದ ಮೇಲೆ ಹಗುರ ಮನಸ್ಸಿನಿಂದ ಮೀನು ಮಾರಲು ಹೋದಳು. ಮಧ್ಯಾಹ್ನ ಬಂದು ನೋಡಿದರೆ ಮಗ ಹಸಿದು ಹೊಸ್ತಿಲ ಮೇಲೆ ಕೂತಿದ್ದ.

“ಕೆಲ್ಸಕ್ಕೆ ಹೋಗಿಲ್ವನಾ?”

“ಜಾಗ ತೋರ್ಸಿದ್ದು ಎಮ್ಮೆ ಅಲ್ವಾ? ಅದನ್ನೇ ಕಳಿಸ್ದೆ.”

“ಮತ್ತೆ ಬುತ್ತಿ?”

“ಅದರ ಕೊರಳಿಗೇ ಕಟ್ದೆ, ಅವ್ವೀ. ದುಡಿದವರಿಗೇ ಅನ್ನ ಅಂತ ನೀನೇ ಹೇಳಿದ್ಯಲ್ಲ.”